ಕಂಬಗಳ ಜಾಗದಲ್ಲಿ ನೀರಿನ ಹೌದ

ಬುಧವಾರ, ೧೨-೫-೧೯೪೩

ಸರೋಜಳ ಅಪ್ಪನವರಿಗೆ,

ನೀವು ಸವಣೂರಿಂದ ಬಂದ ಕೂಡಲೆ ಅಂಗಳದಲ್ಲಿ ಎದೆಮಟ್ಟದ ಕುಣಿ ಕಂಡು ಗಾಬರಿಯಾಗಬೇಡಿ. ನಾನು ಸುಣ್ಣ ತರಲು ಗಾಡಿ ಹೂಡಿಸಿಕೊಂಡು ತಡಸಕ್ಕೆ ಹೋಗಿದ್ದೇನೆ. ಯುದ್ಧ ಶುರುವಾದಾಗಿನಿಂದ ಸಿಮೆಂಟಿನ ಆಸೆಯಂತೂ ಇಲ್ಲ.

ಸೋಮವಾರ ಅತ್ತೆಯವರು ಕೆರೆಯ ಒರತೆಗೆ ಇಳಿಯುವಾಗ ಜಾರಿ ಬಿದ್ದರು. ಮೊಣಕಾಲು ಊದಿದರೂ ಯಾರಿಗೂ ಹೇಳಲಿಲ್ಲ. ನಿನ್ನೆ ಗೌಂಡಿ ಹುಸೇನಸಾಬರು ನಿಮ್ಮ ಹೊಸ ಕಂಬದ ಪಡಸಾಲೆಗೆ ದಾರ ಕಟ್ಟಿ ಗೂಟ ಹೊಡೆದರು. ಅತ್ತೆಯವರು ಕುಂಟುತ್ತ ಬಂದು ನಾಲ್ಕೂ ಗೂಟ ಕಿತ್ತೆಸೆದರು.

"ಕಂಬ ನೋಡಾಕ ಬಂದವರಿಗೆ ನನ್ನ ಮಗಾ ಕುಡಿಯಾಕ ಏನ ಕೊಡ್ತಾನ? ಇಲ್ಲೆ ಹೌದ ಕಟ್ಟು. ಮಾಳಿಗಿ ಮ್ಯಾಲಿನ ಮಳಿನೀರೆಲ್ಲಾ ಇದರಾಗ ಬಂದ ಬೀಳ್ಲಿ."

"ಕುಬೇರಪ್ಪಾರು ಬೈತಾರವ್ವಾ," ಅಂದರು ಗೌಂಡಿ.

"ಬೈಲಿ. ಅವನ್ನ ಹಡದಾಕಿ ನಾನ ಹೇಳಾಕತ್ತೇನಿ, ನೀ ಅಗಿಸು!"

ಗುದ್ದಲಿ ತಂದು ಕೊಟ್ಟವಳು ನಾನು. ಒಪ್ಪಿಕೊಳ್ಳುತ್ತೇನೆ, ಆದರೆ ತಪ್ಪಾಯಿತು ಅನ್ನುವುದಿಲ್ಲ. ನೀವು ಕಂಬಕ್ಕೆಂದು ತರಿಸಿದ ಕಲ್ಲು ಹೌದದ ಗೋಡೆಗೆ ಸರಿಯಾಗುತ್ತದಂತೆ. ಮಳೆಗಾಲಕ್ಕೆ ಮೊದಲು ಒಳಗಿನ ಸುಣ್ಣದ ಗಚ್ಚು ಮುಗಿಯಬೇಕು.

ರೊಟ್ಟಿ ಬುಟ್ಟಿಯಲ್ಲಿವೆ. ಅತ್ತೆಯವರ ಕಾಲಿಗೆ ಎಣ್ಣೆ ಕಾಸಿ ಹಚ್ಚಿ. ಬೇಡ ಅಂದರೂ ಬಿಡಬೇಡಿ.

ಈ ಹೊತ್ತಿನ ನೀರು ನಾನು ತಂದಿಟ್ಟಿಲ್ಲ. ಕೆಲಸ ನಿಲ್ಲಿಸಲೇಬೇಕು ಅನ್ನಿಸಿದರೆ, ಮೊದಲು ಒರತೆಗೆ ಇಳಿದು ಎರಡು ಕೊಡ ತುಂಬಿಕೊಂಡು ಬನ್ನಿ. ಆಮೇಲೆ ನಿಲ್ಲಿಸಿ.

ಸುಶೀಲವ್ವ