ಪಕ್ಕದ್ಮನೆ ಸಾರು

ಯಲಹಂಕ ಹಳೇ ಊರು
14 ಜೂನ್ 2011

ರಘು ಅಣ್ಣನಿಗೆ,

ತಪ್ಪು ಮಾಡಿದವನು ನೀನು, ಶಿಕ್ಷೆ ಅನುಭವಿಸುತ್ತಿರುವವನು ನಿನ್ನದೇ ತಂಡದ ಗಯಾಸ್. ಇದನ್ನು ಬರೆಯದೆ ಕ್ಷೇಮ ಕೇಳಲು ಕೈ ಬರಲಿಲ್ಲ. ಈಗ ಕೇಳುತ್ತೇನೆ: ಯಶವಂತಪುರದಲ್ಲಿ ಚಿಕ್ಕಮ್ಮನ ಮನೆಯ ಊಟ ಒಗ್ಗಿದೆಯೇ? ಕುತ್ತಿಗೆ ನೋವು ಇಳಿಯಿತೇ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅಜ್ಜಿ ದಿನವೂ "ನನ್ ಮಗ ಉಂಡ್ನಾ ಇಲ್ವಾ" ಎಂದು ನನ್ನನ್ನು ಗದರುತ್ತಾಳೆ.

ಅಶ್ವತ್ಥಪ್ಪನವರ ಗೇಮಿಂಗ್ ಸೆಂಟರಿನಲ್ಲಿ ನೀನು ಸಂಜೆಯಿಡೀ ಕಂಪ್ಯೂಟರಿನ ಶೂಟಿಂಗ್ ಆಟಕ್ಕೆ ಕೂರುತ್ತಿದ್ದೆ. ಎದುರಾಳಿ ಎಲ್ಲಿ ಅಡಗಿದ್ದಾನೆಂದು ಅವನ ಸ್ಕ್ರೀನಿಗೇ ಇಣುಕಿ ನೋಡಿ ಗುಂಡು ಹಾರಿಸುತ್ತಿದ್ದೆ. "ಪಕ್ಕದ್ಮನೆ ಸಾರು ಚೆನ್ನಾಗೈತಾ ಗುರು?" ಎಂದು ಗಯಾಸ್ ಕಿಚಾಯಿಸಿದರೆ, "ಗೆದ್ನಲ್ಲ ಮಚ್ಚಾ, ಸಾಕು ಬಿಡು" ಎನ್ನುತ್ತಿದ್ದೆ. ಅವನೋ, ಸೋತ ಆಟದ ರೆಕಾರ್ಡಿಂಗ್ ಹಾಕಿಕೊಂಡು ತಾನು ಎಲ್ಲಿ ಸತ್ತೆ, ಯಾಕೆ ಸತ್ತೆ ಎಂದು ಹುಡುಕುತ್ತಿದ್ದ. ಇಬ್ಬರೂ ಕುರ್ಚಿ ಸವೆಸಿದ್ದು ಅಷ್ಟೇ ಹೊತ್ತು. ಅವನು ಆಟ ಕಲಿತ. ನೀನು ಕುತ್ತಿಗೆ ತಿರುಗಿಸುವುದನ್ನು ಕಲಿತೆ.

ಹೆಬ್ಬಾಳದ ಪಂದ್ಯಾವಳಿಯ ಫೈನಲ್‌ನಲ್ಲಿ ಎರಡೂ ತಂಡಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದರು. ನಿನ್ನ ಕುತ್ತಿಗೆ ತಾನಾಗಿಯೇ ಪಕ್ಕಕ್ಕೆ ತಿರುಗಿತು. ಹಿಂದಿನ ಬೆಂಚಿನಿಂದ ನಾನು ಕಂಡೆ. ಎದುರು ತಂಡ ಕೂಗಾಡಿತು. ಇಣುಕಿದ್ದು ಯಾರೆಂದು ರೆಫರಿ ಕೇಳಿದಾಗ ನೀನು ಗಯಾಸನತ್ತ ಬೆರಳು ತೋರಿಸಿದೆ. ಅಭ್ಯಾಸಬಲ ಎಂದು ಕುತ್ತಿಗೆಯನ್ನು ಕ್ಷಮಿಸಬಲ್ಲೆ. ಬೆರಳಿಗೆ ಯಾವ ಅಭ್ಯಾಸವಿತ್ತು ಅಣ್ಣಾ? ಅವನನ್ನು ಒಂದು ವರ್ಷ ಪಂದ್ಯಗಳಿಂದ ಹೊರಗಿಟ್ಟರು. ರಘುನಾಥನ ಮಾತನ್ನು ತಕ್ಷಣ ನಂಬಿದವರು ಗಯಾಸನ ಮಾತನ್ನು ಕೇಳಲೂ ಇಲ್ಲ. ಯಾಕೆಂದು ನನಗೂ ಗೊತ್ತು, ನಿನಗೂ ಗೊತ್ತು. ಗೊತ್ತಿದ್ದೇ ಬೆರಳು ತೋರಿಸಿದೆ.

ನಾನು ಕರಪತ್ರ ಹಿಡಿದು ಕೂತರೆ "ಬಂದ್ಲಪ್ಪ ಭಾಷಣದಮ್ಮ" ಎಂದು ನಗುತ್ತಿದ್ದೆಯಲ್ಲ, ಈಗಲೂ ನಗು. ಅಕ್ಕಪಕ್ಕ ಕೂತು ಆಡುವ ನಿಮ್ಮ ತಂಡದ ಐದು ಜನರ ನಡುವೆಯೇ ಇಲ್ಲದ ಸಮಾನತೆಯನ್ನು ಟೌನ್ ಹಾಲ್ ಮುಂದೆ ಕೂಗಿ ನಾನು ಏನು ಸಾಧಿಸಲಿ?

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ನಿನಗೆ ಹೇಳಲು ಸದ್ಯಕ್ಕೆ ಒಳ್ಳೆಯ ಮಾತು ಉಳಿದಿಲ್ಲ.

ನಿನ್ನ ತಂಗಿ,
ರಾಧಾಮಣಿ

ಮರೆತಿದ್ದೆ: ಕಂಡದ್ದನ್ನು ನಾನು ರೆಫರಿಗೆ ಹೇಳಿದೆ. "ಅಣ್ಣ ತಂಗಿ ಜಗಳ ಮನೇಲಿಟ್ಕೊಳಮ್ಮ" ಅಂದರು. ನೀನೇ ಬಾಯಿ ಬಿಟ್ಟರೆ ಮಾತ್ರ ಗಯಾಸ್ ಮತ್ತೆ ಆಡಬಹುದಂತೆ. ಅಶ್ವತ್ಥಪ್ಪನವರು ರೆಫರಿಯನ್ನು ಸೆಂಟರಿಗೆ ಕರೆಸುತ್ತಿದ್ದಾರೆ. ನಿನ್ನ ಕುರ್ಚಿ ಗಯಾಸ್ ಪಕ್ಕದಲ್ಲೇ. ಅತ್ತಿತ್ತ ನೋಡದೆ ಬಾ. ಇದೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.