ಫೋನ್ ಎತ್ತದ ಕಾರಣ

ಮನೆಯಿಂದ,
ಮಂಗಳವಾರ ಬೆಳಗ್ಗೆ

ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯಮ್ಮಾ? ಗಾರ್ಮೆಂಟ್ಸಿನಲ್ಲಿ ನಿಂತು ನಿಂತು ಕಾಲು ಊದೋದು ಕಡಿಮೆ ಆಯ್ತಾ? ಹೊತ್ತಿಗೆ ಸರಿಯಾಗಿ ಉಣ್ಣು. ಫೋನ್ ಯಾಕೆ ಎತ್ತಲ್ಲ ಅಂತ ನಿನ್ನ ಜೀವ ಹೊಡ್ಕೋತಿರುತ್ತೆ, ಗೊತ್ತು. ನಿಮ್ಮಪ್ಪ ಮಾತಾಡಿದ್ರೆ "ಎಲ್ಲ ಸರಿಯಾಗಿದೆ" ಅಂತ ಇಟ್ಟುಬಿಡ್ತಾರೆ. ಮನೆಗೆ ಬೆಂಕಿ ಬಿದ್ರೂ ಅವರ ಬಾಯಲ್ಲಿ ಎಲ್ಲ ಸರಿಯಾಗೇ ಇರುತ್ತೆ. ಅದಕ್ಕೇ ಬಸ್ ಡ್ರೈವರಣ್ಣನ ಕೈಲಿ ಈ ಕಾಗದ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ.

ನಿನ್ನ ಮಗಳು, ನಮ್ಮ ಚಿನಕುರುಳಿಗೆ ಶನಿವಾರ ಬರೀ ನೆಗಡಿ ಇತ್ತು. ಭಾನುವಾರ ಎದ್ದರೆ ಕೆಮ್ಮು ನಾಯಿಮರಿ ಬೊಗಳಿದ ಹಾಗೆ. ನಿಮ್ಮಪ್ಪ ನಕ್ಕರು. ನಾನು ಬೆಚ್ಚಗಿರಲಿ ಅಂತ ಕಿಟಕಿ ಮುಚ್ಚಿ, ಇಸ್ತ್ರಿ ಮೇಜಿನ ಪಕ್ಕ ಗಿರಾಕಿಗಳ ಬಟ್ಟೆ ಗಂಟಿನ ಮೇಲೆ ಕೂರಿಸಿದೆ. ಆಗಲೇ ನಿನ್ನ ಫೋನ್ ಬಂತು. ನಿನ್ನ ದನಿ ಕೇಳಿದ್ರೆ ಗೆಲುವಾಗ್ತಾಳೆ ಅಂತ ಕಿವಿಗೆ ಹಿಡಿದೆ. "ಯಾಕೆ ಕಂದಾ ಮಾತಿಲ್ಲ, ಅಮ್ಮನ ಮೇಲೆ ಕೋಪಾನಾ?" ಅಂದೆಯಲ್ಲ, ಅವಳು ಮಾತಾಡ್ತಾನೇ ಇದ್ಲು ಕಣೇ. ಬಾಯಿ ಆಡ್ತಿತ್ತು, ದನಿ ಹೊರಡ್ತಿರಲಿಲ್ಲ. ಆಮೇಲೆ ಅಳು. ಅತ್ತಷ್ಟೂ ಉಸಿರು ಸುಯ್ ಅಂತ ಸಿಕ್ಕಿಕೊಂಡು, ಕುತ್ತಿಗೆ ಬುಡದ ಗುಂಡಿ ಒಳಕ್ಕೆ ಎಳೆದು, ಮುಖ ಬಿಳಿಚಿಕೊಂಡಿತು. ನಿಮ್ಮಪ್ಪ ಚಪ್ಪಲಿ ಕೂಡ ಮೆಟ್ಟದೆ ಎತ್ಕೊಂಡು ಊರಿನ ಆಸ್ಪತ್ರೆಗೆ ಓಡಿದ್ರು.

ಡಾಕ್ಟರಮ್ಮ ಮೂಗು ಬಾಯಿಗೆ ಮಾಸ್ಕ್ ಇಟ್ಟು ಆವಿ ಔಷಧಿ ಕೊಟ್ಟರು, ಕುಡಿಯೋ ಔಷಧಿನೂ ಬಾಯಿಗೆ ಹಾಕಿದರು. ಸಂಜೆವರೆಗೂ ಇಟ್ಕೊಂಡು ಕಳಿಸಿದರು. ಗಂಟಲಲ್ಲಿ ದನಿ ಹುಟ್ಟೋ ಜಾಗ ಊದಿದೆಯಂತೆ. ಮಕ್ಕಳಿಗೆ ಉಸಿರಿನ ದಾರಿ ಮೊದಲೇ ಕಿರಿದು. "ಅಜ್ಜೀ, ಏನೇ ಆದ್ರೂ ಅಳಿಸಬೇಡಿ, ಅತ್ತರೆ ದಾರಿ ಇನ್ನೂ ಮುಚ್ಕೊಳ್ಳುತ್ತೆ. ಮತ್ತೆ ಹಾಗಾದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ" ಅಂದರು. ಅದಕ್ಕೇ ಫೋನ್ ಆಫ್ ಮಾಡಿ ಬಚ್ಚಿಟ್ಟಿದ್ದೀನಿ. ಅವಳು ಹುಡುಕ್ತಾಳೆ. ಸಿಗದಿದ್ರೆ ಸೋಪಿನ ಡಬ್ಬಿ ಕಿವಿಗಿಟ್ಕೊಂಡು ಬರೀ ಬಾಯಿ ಆಡಿಸ್ತಾಳೆ. ಅದನ್ನ ನೋಡೋಕೆ ಆಗಲ್ಲಮ್ಮಾ. ಅವಳನ್ನ ಬಿಟ್ಟು ಹೊರಗೆ ಹೋಗಿ ನಿನಗೆ ಹೇಳೋಣ ಅಂದ್ರೆ ಹೊಸ್ತಿಲು ದಾಟೋಕೂ ಧೈರ್ಯ ಸಾಲದು.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಪುಕ್ಕಲು ಅಮ್ಮ

ತಾ.ಕ. ಡ್ರೈವರಣ್ಣ ಹಾರ್ನ್ ಹೊಡೀತಿದ್ದಾರೆ. ಅವಳ ಕುತ್ತಿಗೆಯ ಆ ಗುಂಡಿ ಈಗ ಮತ್ತೆ ಒಳಕ್ಕೆ ಎಳೀತಿದೆ. ನಿಮ್ಮಪ್ಪ ಆಟೋ ತರೋಕೆ ಓಡಿದ್ದಾರೆ. ಫೋನ್ ಮಾಡಿದ್ರೆ ನಿನ್ನ ದನಿ ಕೇಳಿ ಅಳ್ತಾಳೆ, ಅದಕ್ಕೇ ಅವಳನ್ನ ತೊಡೆ ಮೇಲಿಟ್ಕೊಂಡೇ ಬರೀತಿದ್ದೀನಿ. ಕೆಲಸ ಹೋದ್ರೆ ಹೋಗಲಿ, ಹೊರಟು ಬಾ. ಮನೆಗಲ್ಲ, ನೇರ ಆಸ್ಪತ್ರೆಗೆ. ಅಳೋದೆಲ್ಲ ಬಸ್ಸಲ್ಲೇ ಅತ್ತು ಮುಗಿಸು. ಒಳಗೆ ನಗ್ತಾ ಬಾ, ನಿನ್ನ ಮುಖ ನೋಡಿ ಅವಳು ಅಳಬಾರದು.