ಗಾಳಕ್ಕೆ ಸಿಕ್ಕವರು

ಜೂನ್ 3
ಇವತ್ತೂ ಅದೇ, ಮರೆತವರಿಗೆ ಪಾಸ್‌ವರ್ಡ್ ಬದಲಾಯಿಸಿ ಕೊಡುವುದು. ಸೆಕ್ಯುರಿಟಿ ಟೀಮ್ ಸೇರಿ ಎರಡು ವಾರ. ಕಳ್ಳರನ್ನು ಹಿಡಿಯುವುದಿರಲಿ, ಅವರ ನೆರಳೂ ಕಂಡಿಲ್ಲ. ಅಮ್ಮ ಮಾತ್ರ ಪಕ್ಕದ ಮನೆಯಲ್ಲಿ "ನಮ್ಮವಳು ಕಂಪ್ಯೂಟರ್ ಪೊಲೀಸ್" ಅಂತ ಹೇಳಿಯಾಗಿದೆ.

ಜೂನ್ 6
ಕೊನೆಗೂ ಒಂದು ಕೆಲಸ. ಆಫೀಸಿನವರು ಮೋಸ ಹೋಗುತ್ತಾರೋ ಅಂತ ನೋಡಲು ನಾವೇ ನಕಲಿ ಮೇಲ್ ಕಳಿಸುವುದು. ಲಿಂಕ್ ಒತ್ತಿದವರು ಫೇಲ್. 'ಹೊಸ ರಜೆಗಳು, ಇಲ್ಲಿ ನೋಡಿ' ಅಂತ ಬರೆದೆ. ನಮ್ಮ ಟೀಮ್ ನೋಡಿಕೊಳ್ಳುವ ಸರ್ ಓದಿ ನಕ್ಕರು. ಸುಳ್ಳೇಕೆ, ಹೆಮ್ಮೆಯಾಯಿತು.

ಜೂನ್ 7, ಮಧ್ಯಾಹ್ನ
ಮೇಲ್ ಹೋಯಿತು. ಸ್ವಲ್ಪ ಹೊತ್ತಿಗೆ ಫೋನ್ — ರಿಸೆಪ್ಷನ್ ಅಕ್ಕ.
"ರಜೆದು ಒಂದು ಮೇಲ್ ಬಂದಿದೆಯಮ್ಮ. ಯಾಕೋ ಅನುಮಾನ. ಲಿಂಕ್ ತೆಗೀಲಾ, ಬೇಡ್ವಾ?"
ಇಡೀ ಆಫೀಸಿನಲ್ಲಿ ಕೇಳಿದವರು ಅವರೊಬ್ಬರೇ. ಫೋನಿಗೆ ಕೈ ಅಡ್ಡ ಹಿಡಿದು ಸರ್ ಕಡೆ ನೋಡಿದೆ.
"ಟೆಸ್ಟ್ ಅಂತ ಗೊತ್ತಾದ್ರೆ ಎಲ್ರಿಗೂ ಹೇಳ್ಬಿಡ್ತಾರೆ. ನಮ್ದೇ, ತೆಗೀರಿ ಅನ್ನು."
ಹಾಗೇ ಅಂದೆ. ಅಕ್ಕ ಥ್ಯಾಂಕ್ಸ್ ಬೇರೆ ಹೇಳಿದರು.

ಜೂನ್ 14
ಮೈಯೆಲ್ಲ ಉರಿಯುತ್ತಿದೆ. ಫೇಲ್ ಆದವರಲ್ಲಿ ಅಕ್ಕನೂ ಇದ್ದಾರೆ. ಅವರದು ಕಾಂಟ್ರ್ಯಾಕ್ಟ್ ನೌಕರಿ, ತಿಂಗಳ ಕೊನೆಗೆ ಮುಗಿಯುತ್ತದೆ. ಫೇಲ್ ಆದರೆ ಮುಂದುವರಿಸುವುದಿಲ್ಲವಂತೆ. ಸರ್ ಹತ್ತಿರ ಹೋದೆ.
"ಅವ್ರು ಕೇಳಿದ್ರು ಸರ್. ತೆಗೀರಿ ಅಂದಿದ್ದು ನಾವೇ."
"ಸಿಸ್ಟಮ್‌ಗೆ ಕ್ಲಿಕ್ ಅಷ್ಟೇ ಗೊತ್ತು. ನಿನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ನೆನಪಿರಲಿ."
ಎಂಥ ನಾಲಗೆ... ಇದು ಕಾಯುವ ಕೆಲಸವೋ, ಗುಂಡಿ ತೋಡಿ ನೂಕುವ ಕೆಲಸವೋ. ಅಮ್ಮನನ್ನು ಕೇಳಿದರೆ "ಹೊಸಬಳು, ಬಾಯಿ ಮುಚ್ಕೊಂಡಿರು" ಅಂದಳು.

ಜೂನ್ 21, ಹನ್ನೊಂದೂವರೆ
ಫೇಲ್ ಆದವರಿಗೆ ಪಾಠ. ಹೇಳಿಕೊಡುವವಳು ನಾನು. ಹಿಂದಿನ ಸಾಲಿನಲ್ಲಿ ಸರ್, ಎಚ್‌ಆರ್ ಮೇಡಮ್. ಸರ್ ಮಾಡಿಕೊಟ್ಟ ಮೊದಲ ಸ್ಲೈಡ್ ಓದಿದೆ: 'ಅನುಮಾನ ಬಂದರೆ ನಮಗೆ ಫೋನ್ ಮಾಡಿ.'
ಅಕ್ಕ ಕೈ ಎತ್ತಿದರು. ಜಗಳಕ್ಕಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು. "ಮಾಡಿದ್ದೆನಲ್ಲಮ್ಮ?"
ಸರ್ ಕೆಮ್ಮಿದರು. ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು.
"ಹೌದು ಅಕ್ಕ. ಫೋನ್ ಎತ್ತಿದ್ದು ನಾನು. ತೆಗೀರಿ ಅನ್ನೋಕೆ ಹೇಳಿದ್ದು ಸರ್."
ಮೇಡಮ್ ಸರ್ ಕಡೆ ತಿರುಗಿದರು.

ಹನ್ನೆರಡು
ಮೇಡಮ್ ತಮ್ಮ ಕ್ಯಾಬಿನ್‌ಗೆ ಬರಹೇಳಿದ್ದಾರೆ, ನನ್ನೊಬ್ಬಳನ್ನೇ. ಬಾಗಿಲಲ್ಲಿ ಅಕ್ಕ ನಿಂತಿದ್ದಾರೆ, "ನಾನೂ ಬರ್ತೀನಿ, ನಡಿ" ಅನ್ನುತ್ತ. ಬೇಡ ಅಂದರೂ ಕೇಳುತ್ತಿಲ್ಲ. ನನ್ನ ಬ್ಯಾಗನ್ನೂ ಅವರೇ ಹಿಡಿದುಕೊಂಡಿದ್ದಾರೆ. ಸರಿ, ಇಬ್ಬರೂ ಹೊರಟೆವು.